ಬ್ಯಾಟರಿಗೆ ಹಚ್ಚಿದ ಕುಂಕುಮ

ಬೆಳಿಗ್ಗೆ ನಳ ಬಂದಾಗ ಎರಡು ಪಿಪಾಯಿ ನೀರು ತುಂಬಿದೆ. ಆಜರೆ ಊರಿನಿಂದ ತಂದ ಅಕ್ಕಿಯಲ್ಲಿ ಹರಳು ಆರಿಸಿದೆ. ಅತ್ತೆಯ ಕಣ್ಣಿಗೆ ಔಷಧಿಯ ಹನಿ ಹಾಕಿದೆ. ಶೇಂಗಾ ಹುರಿದು ಸಿಪ್ಪೆ ತೂರಿದೆ, ಮಜ್ಜಿಗೆ ಕಡೆದೆ. ಇಷ್ಟರ ನಡುವೆ ಒಂದು ಯಂತ್ರವನ್ನೂ ಕೆಡಿಸಿದೆ. ಮುಟ್ಟಿ ಕೆಡಿಸುವುದು ಯಾರಿಗೂ ಬರುತ್ತದೆ. ಅದು ಕೆಡುವ ಹೊತ್ತಿಗೆ ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಮದುವೆಯಾಗಿ ಇಪ್ಪತ್ತೇಳು ವರ್ಷ ಒಂದೇ ಮನೆಯಲ್ಲಿ ಪಳಗಿದವರಿಗೆ ಮಾತ್ರ ಒಲಿಯುವ ವಿದ್ಯೆ ಇದು.

ಇಚಲಕರಂಜಿಯ ಶಹಾಪುರದಲ್ಲಿ ನಮ್ಮ ಮನೆ. ಸುತ್ತಲೂ ಮಗ್ಗದ ಶೆಡ್ಡುಗಳು; ಖಟಖಟ ಸದ್ದು ನಿಂತರೆ ನಮಗೆ ಕಿವಿಗೆ ಏನೋ ಆಯಿತೆಂದು ಗಾಬರಿ. ನೂಲು ಹರಿದ ಕೂಡಲೇ ಮಗ್ಗವನ್ನು ನಿಲ್ಲಿಸುವ ಎಲೆಕ್ಟ್ರಾನಿಕ್ ಕಾರ್ಡುಗಳನ್ನು ನಮ್ಮವರು ಮನೆಯ ಮುಂದಿನ ಕೋಣೆಯಲ್ಲಿ ರಿಪೇರಿ ಮಾಡುತ್ತಾರೆ. ಅವರ ಮೇಜಿನ ಮೇಲೆ ಕೊಲ್ಲಾಪುರದಿಂದ ತಂದ ಒಂದು ಪೆಟ್ಟಿಗೆ ಇದೆ. ಪವರ್ ಸಪ್ಲೈ ಎಂದು ಅದರ ಹೆಸರು. ಮುಂದುಗಡೆ ಪ್ಲಸ್ಸಿಗೆ ಕೆಂಪೊಂದು, ಮೈನಸ್ಸಿಗೆ ಕರಿದೊಂದು ಬಾಯಿ, ಎರಡು ಗುಂಡಿ. ಗುಂಡಿ ತಿರುವಿದರೆ ಬೇಕಾದಷ್ಟೇ ವೋಲ್ಟು ಕೊಡುತ್ತದೆ. ಅದಿಲ್ಲದಿದ್ದರೆ ಅವರು ಒಲೆ ಇಲ್ಲದ ಅಡಿಗೆಯವರು.

ಮರುದಿನ ಗಡಹಿಂಗ್ಲಜದ ನಾದಿನಿಯ ಮನೆಗೆ ಹೋಗುವುದಿತ್ತು, ಇಂದು ನೋಡಿದರೆ ಸ್ಕೂಟರು ಚಾಲೂ ಆಗಲಿಲ್ಲ. ಇವರು ಬ್ಯಾಟರಿ ಬಿಚ್ಚಿ ತಂದು, ಆ ಪೆಟ್ಟಿಗೆಯಿಂದಲೇ ಚಾರ್ಜ್ ಮಾಡೋಣವೆಂದು ಕುಳಿತರು. ಹಳೆಯ ಬ್ಯಾಟರಿ, ಮೇಲಿನ ಗುರುತೆಲ್ಲ ಅಳಿಸಿತ್ತು. ವಾಯರು ಹಚ್ಚುವ ಎರಡು ಕಿವಿಗಳಲ್ಲಿ ಒಂದರ ಮೇಲೆ ಕೆಂಪು ಕಂಡಿತು, ಅದಕ್ಕೇ ಕೆಂಪು ವಾಯರು ಹಚ್ಚಿದರು. ಟಪ್ ಎಂದಿತು. ನಾನು ಒಳಗೆ ಬರುವಷ್ಟರಲ್ಲಿ ಸುಟ್ಟ ವಾಸನೆ, ಪೆಟ್ಟಿಗೆಯ ಮುಖದ ಮೇಲೆ ಬರೀ ಸೊನ್ನೆ. ಇವರು ಗೋಡೆಯನ್ನು ಕೇಳುತ್ತಿದ್ದರು, "ಕೆಂಪಿಗೆ ಕೆಂಪ ಹಚ್ಚೇನಿ. ಹಂಗಾರ ಸುಟ್ಟಿದ್ದ ಯಾಕ?"

ಗೋಡೆಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಖಂಡೇನವಮಿಯ ದಿನ ನಮ್ಮ ಓಣಿಯಲ್ಲಿ ಮಗ್ಗದಿಂದ ಹಿಡಿದು ಈಳಿಗೆಯವರೆಗೆ ಎಲ್ಲಕ್ಕೂ ಪೂಜೆ. ಕುಂಕುಮದ ವಿಷಯದಲ್ಲಿ ನನ್ನ ಕೈ ದೊಡ್ಡದು. ಇಕ್ಕಳ, ಸುತ್ತಿಗೆ, ಬೆಸುಗೆ ಹಾಕುವ ಕಡ್ಡಿ, ಹೊಲಿಗೆ ಯಂತ್ರ ಮುಗಿಸಿ ಸ್ಕೂಟರಿಗೆ ಬಂದೆ. ಇವರು ಬ್ಯಾಟರಿಯ ಕಿವಿಗಳಿಗೆ ಗ್ರೀಸು ಸವರಿ ಮುಚ್ಚಳ ತೆಗೆದೇ ಇಟ್ಟಿದ್ದರು. ಪಾಪ, ವರ್ಷವಿಡೀ ಕತ್ತಲಲ್ಲಿ ದುಡಿಯುವ ಜೀವ ಎಂದು ಕೈಗೆ ಸಿಕ್ಕ ಕಿವಿಗೊಂದು ಬೊಟ್ಟಿಟ್ಟೆ. ಗ್ರೀಸಿನ ಮೇಲೆ ಕೂತ ಕುಂಕುಮ ಹೋಗುವುದುಂಟೆ? ಬಾಜಿ ಎಂಬ ಹಗ್ಗದ ಮಂಚದ ಮೇಲೆ ಕುಳಿತು ನೋಡುತ್ತಿದ್ದ ಅತ್ತೆ ಆಗಲೇ ಹೇಳಿದ್ದರು, ಒಂದಕ್ಕೆ ಹಚ್ಚಿ ಇನ್ನೊಂದಕ್ಕೆ ಬಿಟ್ಟರೆ ಅದು ಸಿಟ್ಟಾಗುತ್ತದೆ ಎಂದು. ನಾನು ನಕ್ಕಿದ್ದೆ.

ಈಗ ಹೇಳಿಬಿಡಬಹುದಿತ್ತು. ಆದರೆ ನಮ್ಮವರ ಬಯ್ಗುಳ ಜೋರಿನದಲ್ಲ, ಉದ್ದನೆಯದು. ಎಂದೋ ವೋಲ್ಟು ಅಳೆಯುವ ಅವರ ಮೀಟರನ್ನು ಉಪ್ಪಿನಕಾಯಿಯ ಭರಣಿಯ ಮೇಲೆ ಭಾರಕ್ಕೆ ಇಟ್ಟಿದ್ದೆ. ಅದನ್ನು ಇಂದಿಗೂ ಬಂದ ಬೀಗರಿಗೆಲ್ಲ ಹೇಳುತ್ತಾರೆ. ಹಾಗಾಗಿ ಬಾಯಿ ಮುಚ್ಚಿಕೊಂಡು ಜೋಳದ ಭಾಕರಿ ಬಡಿಯತೊಡಗಿದೆ.

ಸುಮ್ಮನಿರುವುದೂ ಸುಲಭವಿರಲಿಲ್ಲ. ನಾವು ಜೈನರು, ನಮ್ಮ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಇವರಂತೂ ನೀರನ್ನೂ ಮುಟ್ಟುವುದಿಲ್ಲ. ಪಿತ್ತದ ಪ್ರಕೃತಿ ಬೇರೆ, ಹಸಿದು ಮಲಗಿದರೆ ಮರುದಿನ ತಲೆ ಎತ್ತುವುದಿಲ್ಲ. ಪೆಟ್ಟಿಗೆಯ ಮುಚ್ಚಳ ತೆಗೆದರೆ ಅದು ಗುಣವಾಗುವವರೆಗೆ ಏಳುವ ಜಾತಿಯೂ ಅಲ್ಲ. ವಾಯರು ಸರಿಯಾಗಿಯೇ ಹಚ್ಚಿದ್ದೇನೆಂಬ ನಂಬಿಕೆಯಲ್ಲಿ ತಪ್ಪಿಲ್ಲದ ಕಡೆಯೆಲ್ಲ ತಪ್ಪು ಹುಡುಕುತ್ತಿದ್ದರು. ಎದುರಿನ ಶೆಡ್ಡಿನ ನೆರಳು ನಮ್ಮ ಹೊಸ್ತಿಲು ಮುಟ್ಟಿದರೆ ಊಟಕ್ಕೆ ಇನ್ನು ಒಂದೇ ತಾಸು ಎಂದು ನಮ್ಮ ಲೆಕ್ಕ. ನೆರಳು ಮುಟ್ಟಿತು. ಮೂರು ಸಲ ಹೇಳಲೆಂದು ಹೋದೆ, ಮೂರು ಸಲವೂ "ಚಹಾ ಬೇಕೇನ್ರಿ?" ಎಂದು ಕೇಳಿ ವಾಪಸು ಬಂದೆ. ಮೂರು ಕಪ್ ಚಹಾ ಕುಡಿಸಿದ್ದಷ್ಟೇ ಲಾಭ.

ನಾಲ್ಕನೆಯ ಸಲ ಹೊರಟಾಗ ಅತ್ತೆ ಬಾಜಿಯಿಂದಲೇ ಮಗನನ್ನು ಕರೆದು ಬಾಯಿಬಿಟ್ಟರು.

"ತಮ್ಮಾ, ಆ ಕೆಂಪ ಕುಂಕುಮ ಐತಿ ನೋಡಪಾ. ಖಂಡೇನವಮಿಗೆ ನಾನ ಹಚ್ಚೇನಿ."

ನಾನು ಚಹಾದ ಕಪ್ಪು-ಬಸಿಯನ್ನು ಅಲ್ಲೇ ಕೆಳಗಿಟ್ಟೆ. ಇವರು ಬ್ಯಾಟರಿಯ ಕಿವಿಯನ್ನು ಬೆರಳಿಂದ ಒರೆಸಿ ಮೂಸಿ ನೋಡಿದರು, ಮೀಟರು ಹಚ್ಚಿದರು, ನಗತೊಡಗಿದರು. ಕುಂಕುಮ ಇದ್ದದ್ದು ಮೈನಸ್ಸಿನ ಮೇಲೆ, ಎಲ್ಲ ಉಲ್ಟಾ ಆಗಿತ್ತು. ಪೆಟ್ಟಿಗೆಯ ಬಾಯಲ್ಲಿ ಡಯೋಡು ಎಂಬ ಕಾಳಿನಷ್ಟು ಕಾವಲುಗಾರ ಇರುತ್ತಾನಂತೆ. ಕರೆಂಟು ಉಲ್ಟಾ ನುಗ್ಗಿದರೆ ತನ್ನ ಮೈಮೇಲೆ ಹಾಕಿಕೊಂಡು ಸಾಯುತ್ತಾನಂತೆ. ಸತ್ತವನನ್ನು ಬೆಸುಗೆ ಬಿಡಿಸಿ ತೆಗೆದರು. ಹೊಸಬನನ್ನು ನಾನೇ ಓಡಿಹೋಗಿ ಅವರು ಬಿಡಿಭಾಗ ಇಡುವ ಹಳೆಯ ಮಸಾಲೆ ಡಬ್ಬಿಯಿಂದ, ಮೊದಲು ಸಾಸಿವೆ ಇರುತ್ತಿದ್ದ ಬಟ್ಟಲಿನಿಂದ, ತಂದುಕೊಟ್ಟೆ. ಪೆಟ್ಟಿಗೆಯೊಳಗಿನ ಸರ್ಕ್ಯೂಟ್ ಹಲಗೆಯಲ್ಲಿ ಸುಟ್ಟುಹೋದ ತಾಮ್ರದ ಗೆರೆಗೆ ತುಂಡು ತಂತಿ ಬೆಸೆದರು. ಗುಂಡಿ ತಿರುವಿದರೆ ಹನ್ನೆರಡು ವೋಲ್ಟು ಎಂದು ತೋರಿಸಿತು. ಬೆಳಕು ಇನ್ನೂ ಇತ್ತು.

ಕೈ ತೊಳೆದು ಬಂದವರು ತಾಯಿಯ ಮುಂದೆ ನಿಂತರು. "ಅವ್ವಾ, ತಪ್ಪ ನಂದ. ಮೊದಲ ಮೀಟರ್ ಹಚ್ಚಿ ನೋಡಬೇಕಿತ್ತ. ನೀ ಪೂಜಾ ಮಾಡಿದ್ದ ಭಾಳ ಚಲೋ ಆತು. ಈಗ ಖರೇ ಪ್ಲಸ್ಸಿಗೆ ನಿನ್ನ ಕೈಲೇನ ಕುಂಕುಮ ಹಚ್ಚ. ಗುರುತೂ ಆಗ್ತೈತಿ, ಆಶೀರ್ವಾದನೂ ಆಗ್ತೈತಿ."

ಅತ್ತೆ ಗಂಭೀರವಾಗಿ ಹಚ್ಚಿದರು. ಇಡೀ ಮಧ್ಯಾಹ್ನ ಯಾವ ತಪ್ಪನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ತಿರುಗಿದ್ದೆನೋ, ಅದು ಈಗ ಪುಣ್ಯವಾಗಿ ಅವರ ಮಡಿಲು ಸೇರಿತ್ತು. ಅದು ನನ್ನ ಕುಂಕುಮ ಎಂದು ಕೂಗಿ ಹೇಳಬೇಕೆನಿಸಿತು. ಆದರೆ ಒಮ್ಮೆ ಬಿಟ್ಟುಕೊಟ್ಟ ತಪ್ಪನ್ನು ಯಾವ ಮುಖದಿಂದ ವಾಪಸು ಕೇಳುವುದು? ಬಡಿಸಲು ಬಾಗಿದಾಗ ಅತ್ತೆ ನನ್ನ ಕಿವಿಯ ಹತ್ತಿರ ಮೆಲ್ಲಗೆ ಅಂದರು, "ನಾಳೆ ಹೊರಡೂ ಮೊದಲ ಶಿರಾ ಮಾಡವಾ. ತುಪ್ಪ ಜರಾ ಜಾಸ್ತಿ ಇರಲಿ."

ಜೋಳದ ಭಾಕರಿ, ಹೆಸರುಕಾಳಿನ ಉಸಳಿ, ಶೇಂಗಾ ಚಟ್ನಿ, ಮಜ್ಜಿಗೆ. ಕೊನೆಯ ತುತ್ತಿಗೂ ಸೂರ್ಯನಿಗೂ ನಡುವೆ ನಾಲ್ಕು ನಿಮಿಷ ಉಳಿದಿತ್ತು. ಎಲ್ಲರಿಗಿಂತ ಮೊದಲು ಅತ್ತೆ ಮಲಗಿದರು, ಏನೂ ಮಾಡದವರು ಮಲಗುವ ಹಾಗೆ, ನಿಶ್ಚಿಂತೆಯಿಂದ. ಆಮೇಲೆ ಇವರು. ನಾನು ಶಿರಾಕ್ಕೆಂದು ರವೆಯ ಡಬ್ಬಿ ತೆಗೆದು ನೋಡಿ, ಮೂವರಿಗೆ ಸಾಕಾಗುತ್ತದೆಂದು ಖಾತ್ರಿ ಮಾಡಿಕೊಂಡು ಕೊನೆಗೆ ಮಲಗಿದೆ.