ಹರಗೋಲಿಗೆ ಹಚ್ಚಿದ ಮೋಟಾರು

ಹೊಲಿಗೆ ಮಶಿನ್ನು ತರುತ್ತೇನೆಂದು ಲಿಲಾವಿಗೆ ಹೋದ ಗಂಡ, ದೋಣಿಗೆ ಹಚ್ಚುವ ಮೋಟಾರು ಹೊತ್ತುಕೊಂಡು ಮನೆಗೆ ಬಂದರೆ ಯಾವ ಹೆಂಡತಿ ಆರತಿ ಎತ್ತಿಯಾಳು? ನನ್ನ ಹೆಂಡತಿ ಕುಮುದಿನಿಯೂ ಎತ್ತಲಿಲ್ಲ. ಸ್ವಾತಂತ್ರ್ಯ ಬಂದ ವರ್ಷ ಒಬ್ಬ ಗೋರಾ ಸಾಹೇಬ ಬಂಗಲೆಯ ಸಾಮಾನನ್ನೆಲ್ಲ ಲಿಲಾವಿಗೆ, ಅಂದರೆ ಹರಾಜಿಗೆ, ಹಾಕಿ ಊರು ಬಿಟ್ಟಾಗಿನ ಮಾತು ಇದು. ಹೊಲಿಗೆ ಮಶಿನ್ನಿಗೆ ಜನ ಮುಗಿಬಿದ್ದಿದ್ದರು. ಮೋಟಾರಿನ ಹತ್ತಿರ ಒಂದು ನಾಯಿ ಮಾತ್ರ ಮಲಗಿತ್ತು. ಅನಾಥರನ್ನು ಕಂಡರೆ ನನಗೆ ಮೊದಲಿನಿಂದಲೂ ಕರುಣೆ.

ಆದರೆ ಮೋಟಾರು ಹಚ್ಚಲು ದೋಣಿ ಬೇಕಲ್ಲ? ನಮ್ಮ ಬಾಗಲಕೋಟೆಯ ಘಟಪ್ರಭೆ ಹೊಳೆಯಲ್ಲಿ ಓಡಾಡುವುದು ಹರಗೋಲು. ಅಂದರೆ ಬಿದಿರು ಹೆಣೆದು ಚರ್ಮ ಹೊದಿಸಿದ ಒಂದು ಭಾರೀ ದುಂಡು ಬುಟ್ಟಿ. (ಸಾಲೆಯಲ್ಲಿ ಭೂಗೋಳ ಕಲಿಸುವ ನನಗೆ ಇದು ಗೊತ್ತಿರಲಿಲ್ಲವೆಂದು ಯಾರೂ ತಿಳಿಯಬಾರದು. ಗೊತ್ತಿತ್ತು. ನೆನಪಿಗೆ ಬರಲಿಲ್ಲ, ಅಷ್ಟೇ.) ಹೀಗಾಗಿ ಮೋಟಾರು ಮಹಾಶಯರು ನನ್ನ ಹಳೆಯ ಧೋತರ ಹೊದ್ದು, ಅಟ್ಟದ ಮೇಲೆ ಉಪ್ಪಿನಕಾಯಿ ಭರಣಿಯ ಮಗ್ಗುಲಲ್ಲಿ ವರ್ಷಗಟ್ಟಲೆ ಯೋಗನಿದ್ರೆಯಲ್ಲಿದ್ದರು. ಕುಮುದಿನಿ ಉಪ್ಪಿನಕಾಯಿ ತೆಗೆಯಲು ಹತ್ತಿದಾಗೊಮ್ಮೆ ಅದು ಅವಳ ಮೊಣಕೈಗೆ ಬಡಿಯುವುದು. ಆ ದಿನ ನನ್ನ ತಾಟಿನಲ್ಲಿ ಉಪ್ಪಿನಕಾಯಿಗಿಂತ ಮಾತೇ ಹೆಚ್ಚು ಖಾರವಾಗಿರುವುದು.

ಹೊಳೆಯಾಚೆಗೇ ಇದ್ದ ಅವಳ ತವರೂರಿಗೂ ಈ ಸುದ್ದಿ ಮುಟ್ಟಿತ್ತು. ಅಲ್ಲಿ ನನ್ನ ಹೆಸರು ಪಂಢರೀನಾಥನೆಂಬುದನ್ನು ಎಲ್ಲರೂ ಮರೆತು 'ಲಿಲಾವಿನ ಅಳಿಯ' ಎಂದೇ ಕರೆಯುತ್ತಿದ್ದರು. ಮಾವನವರ ಮನೆಯಲ್ಲಿ ಹೋಳಿಗೆ ಬಡಿಸುವಾಗ ಸಹ ಯಾರೋ ಒಬ್ಬರು, "ಲಿಲಾವಿನವರಿಗೆ ಇನ್ನೊಂದು ಹಾಕ್ರಿ" ಎನ್ನುವರು. ಹೋಳಿಗೆ ಗಂಟಲಲ್ಲಿ ಇಳಿಯುವುದೆಂತು?

ಮೊನ್ನೆಯ ಶ್ರಾವಣದಲ್ಲಿ ಕುಮುದಿನಿ ತೀರ್ಪು ಕೊಟ್ಟೇಬಿಟ್ಟಳು.

"ಪಂಚಮಿಗೆ ಅಣ್ಣ ಕರೀಲಿಕ್ಕೆ ಬರ್ತಾನ. ನಿಮ್ಮ ಮೋಟಾರಿನ ಮ್ಯಾಲ ನನ್ನ ಹೊಳಿ ದಾಟಸ್ರಿ. ಇಲ್ಲಾಂದ್ರ ಅದನ್ನ ಗುಜರಿಯವಗ ಕೊಟ್ಟು ಹೋಗ್ತೀನಿ."

ನನಗೆ ಒಳಗೊಳಗೇ ಹಿಗ್ಗಾಯಿತು. ದೋಣಿ ಇರದಿದ್ದರೇನು, ಹರಗೋಲಿಗೇ ಹಚ್ಚಿದರಾಯಿತು. ಮೋಟಾರಿನ ಸವಾರಿಯಲ್ಲಿ, ಭರ್ ಎಂದು ಸದ್ದು ಮಾಡುತ್ತ, ನೀರು ಸೀಳಿಕೊಂಡು ಮಾವನವರ ಊರಿನ ದಂಡೆಗೆ ಇಳಿದೆನೆಂದರೆ ಆ ಹಾಳು ಹೆಸರು ಅಲ್ಲಿಯೇ ಮುಳುಗಿ ಹೋಗುವುದು.

ಕೂಡಲೇ ಗೆಳೆಯ ಖಾದರಬಾಷಾನನ್ನು ಕರೆದುಕೊಂಡು ಬಂದೆ. ಅವನು ಪೇಟೆಯಲ್ಲಿ ಗ್ಯಾಸಬತ್ತಿ, ಗ್ರಾಮಾಫೋನು ರಿಪೇರಿ ಮಾಡುವವನು. ಬಾಯಿ ಇದ್ದದ್ದಕ್ಕೆಲ್ಲ ಪಿನ್ನು ಚುಚ್ಚಬೇಕು, ಹೊಟ್ಟೆ ಇದ್ದದ್ದನ್ನೆಲ್ಲ ತೊಳೆಯಬೇಕು ಎಂಬುದೇ ಅವನ ಶಾಸ್ತ್ರ. ಮೋಟಾರಿಗೆ ಎರಡೂ ಇದ್ದವು. ಹೊಗೆ ಬಿಡುವ ತೂತಿನಲ್ಲಿ ಕಣಜದ ಹುಳ ಮಣ್ಣಿನ ಮನೆ ಕಟ್ಟಿಕೊಂಡು ಸುಖವಾಗಿತ್ತು. ಅದಕ್ಕೆ ಜಾಗ ಬಿಡಿಸಿದೆವು. ಸಾಹೇಬನ ಕಾಲದ ಪೆಟ್ರೋಲು ಕಾಕಂಬಿಯಂತೆ ಗಟ್ಟಿಯಾಗಿತ್ತು. ಸೀಮೆಎಣ್ಣೆ ಹಾಕಿ ತೊಳೆದೆವು. ಕಿಡಿ ಹಾರಿಸುವ ಪ್ಲಗ್ಗನ್ನು ಬೂದಿ ಹಚ್ಚಿ ದೇವರ ಸಾಮಾನಿನಂತೆ ಬೆಳಗಿದೆವು. ಆಮೇಲೆ ಅಂಗಳದಲ್ಲಿ ಸ್ನಾನದ ತಾಮ್ರದ ಹಂಡೆಗೆ ನೀರು ತುಂಬಿ, ಅದರ ಕಂಠಕ್ಕೆ ಮೋಟಾರನ್ನು ಬಿಗಿದು, ಬುಗುರಿಗೆ ಸುತ್ತುವಂತೆ ಹಗ್ಗ ಸುತ್ತಿ ಜಗ್ಗತೊಡಗಿದೆವು. ಅವನು ಬಿಸ್ಮಿಲ್ಲಾ ಎಂದು ಜಗ್ಗಿದ. ನಾನು ಶ್ರೀರಾಮ ಎಂದು ಜಗ್ಗಿದೆ. ಮೋಟಾರು ಇಬ್ಬರಿಗೂ ಸಮನಾಗಿ ಕೆಮ್ಮಿ ತೋರಿಸಿತು.

ಕೊನೆಗೆ ಇಬ್ಬರೂ ಕೂಡಿ ಜಗ್ಗಿದ ಒಂದು ಜಗ್ಗಿಗೆ ಅದು ಎಚ್ಚೆತ್ತಿತು ನೋಡಿ. ಹಂಡೆಯ ನೀರೆಲ್ಲ ಒಂದೇ ಗಳಿಗೆಯಲ್ಲಿ ಆಕಾಶಕ್ಕೇರಿ, ಕುಮುದಿನಿ ತವರಿಗೆ ಒಯ್ಯಲು ಹುರಿದು ಚಾಪೆಯ ಮೇಲೆ ಹರವಿದ್ದ ಜೋಳದ ಅಳ್ಳಿನ ಮೇಲೆ ಇಳಿಯಿತು. ಮಲ್ಲಿಗೆಯಂತೆ ಅರಳಿದ್ದ ಅಳ್ಳು ಗಂಜಿಯಾಯಿತು. ನಾನೂ ಖಾದರಬಾಷಾನೂ ಅಪ್ಪಿಕೊಂಡು ಕುಣಿಯುತ್ತಿದ್ದವರು, ಅವಳು ಬಾಗಿಲಲ್ಲಿ ನಿಂತದ್ದು ಕಂಡು ಹಾಗೆಯೇ ಕಲ್ಲಾದೆವು.

ಅವಳು ಕೂಗಾಡಲಿಲ್ಲ. ಚಾಪೆ ನೋಡಿದಳು, ನನ್ನನ್ನು ನೋಡಿದಳು.

"ಓಡ್ತಲ್ಲ, ಚೊಲೋ ಆತು. ಇನ್ನ ಹೊಳಿಯಾಗ ಓಡಲಿಲ್ಲಂದ್ರ ಗುಜರಿಗೆ ಮೋಟಾರೊಂದ ಹೋಗೂದಿಲ್ಲ."

ಖಾದರಬಾಷಾ ಮೆಲ್ಲಗೆ ಚಪ್ಪಲಿ ಹುಡುಕಿದ.

ಪಂಚಮಿಯ ದಿನ ಅವಳ ಅಣ್ಣ ಕೃಷ್ಣಾಜಿ ಬಂದ. ಈ ವರ್ಷ ಮಳೆ ಹಿಂದೆ ಬಿದ್ದು ಹೊಳೆ ಸಾಧುವಾಗಿತ್ತು. ಸುದ್ದಿ ನಮಗಿಂತ ಮೊದಲೇ ಹೊಳೆ ದಾಟಿ, ಆಚೆಯ ದಂಡೆಯ ಮೇಲೆ ಮಾವನವರ ಮನೆಯ ಮಂದಿ, ಊರ ಹೆಂಗಸರು ಜೋಕಾಲಿ ಬಿಟ್ಟು ಬಂದು ನಿಂತಿದ್ದರು. ಖಾದರಬಾಷಾ ಹರಗೋಲಿನ ಅಂಚಿಗೆ ಹಲಗೆ ಕಟ್ಟಿ ಮೋಟಾರು ಕೂಡಿಸಿ, ತಾನು ಮಾತ್ರ ದಂಡೆಯ ಮೇಲೆಯೇ ಉಳಿದ. ಕುಮುದಿನಿ, ಕೃಷ್ಣಾಜಿ, ನಾನು ಏರಿದ ಮೇಲೆ ಹರಗೋಲಿನ ಅಂಬಿಗ ಹುಲ್ಲಪ್ಪ ಅದನ್ನು ನಡುಹೊಳೆಗೆ ಒಯ್ದು, ಹುಟ್ಟನ್ನು ಒಳಗೆಳೆದು ಬೀಡಿ ಹಚ್ಚಿದ.

"ಬುದ್ಧಿ ಬಂದಾಗಿಂದ ಹುಟ್ಟ ಹಾಕೀನ್ರಿ ಮಾಸ್ತರ. ಇವತ್ತೊಂದಿನ ಸಾವುಕಾರನಂಗ ಕುಂಡ್ರತೀನಿ."

ನಾನು ಪೇಟ ಸರಿಮಾಡಿಕೊಂಡು ಹಗ್ಗ ಜಗ್ಗಿದೆ. ಮೊದಲನೆಯ ಜಗ್ಗಿಗೇ ಮೋಟಾರು ಗರ್ಜಿಸಿತು. ಹರಗೋಲು ಹೊರಟಿತು. ಆದರೆ ಮುಂದಕ್ಕಲ್ಲ. ಇದ್ದಲ್ಲೇ ಸುತ್ತತೊಡಗಿತು. ನನ್ನ ಕಣ್ಣ ಮುಂದೆ ಬಾಗಲಕೋಟೆ ಬಂತು, ಮಾವನವರು ಬಂದರು, ಬಾಗಲಕೋಟೆ ಬಂತು, ಮಾವನವರು ಬಂದರು. ಹಿಡಿಕೆಯನ್ನು ಆಚೆ ತಿರುಗಿಸಿದೆ. ಈಗ ಮೊದಲು ಮಾವನವರು, ಆಮೇಲೆ ಬಾಗಲಕೋಟೆ. ಹುಲ್ಲಪ್ಪನ ಬೀಡಿ ನೀರುಪಾಲಾಯಿತು. ಉಂಡಿಯ ಡಬ್ಬಿ ಅಪ್ಪಿಕೊಂಡ ಕೃಷ್ಣಾಜಿ ಕಣ್ಣು ಮುಚ್ಚಿ, "ಮಾಸ್ತರ, ನಮ್ಮ ಊರು ಯಾವ ಕಡೆ ಅದ?" ಎಂದು ಕೇಳಿದ. ದಂಡೆಯಿಂದ ಖಾದರಬಾಷಾ ಏನೋ ಸಲಹೆ ಕೊಡುತ್ತಿದ್ದ. ಸುತ್ತಿಗೊಂದು ಶಬ್ದದಂತೆ ನನಗೆ ಮುಟ್ಟುತ್ತಿತ್ತು.

ಅಂಥದರಲ್ಲಿ ಒಂದು ನಗು ಕೇಳಿಸಿತು. ಕುಮುದಿನಿ ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದಳು. ಮದುವೆಯಾದಂದಿನಿಂದ ಅವಳು ಅಷ್ಟು ನಕ್ಕದ್ದನ್ನು ನಾನು ಕಂಡಿರಲಿಲ್ಲ. ತಲೆ ಗಿರ್ ಎನ್ನುತ್ತಿದ್ದರೂ ಮೋಟಾರು ನಿಲ್ಲಿಸಲು ನನಗೆ ಮನಸ್ಸಾಗಲಿಲ್ಲ.

ಕೊನೆಗೂ ನಿಲ್ಲಿಸಿದೆ. ಹುಲ್ಲಪ್ಪ ನಿಟ್ಟುಸಿರಿಟ್ಟು ಹುಟ್ಟು ಹಾಕಿ ದಾಟಿಸಿದ. ಅವಮಾನಕ್ಕೆ ಸಿದ್ಧನಾಗಿ ತಲೆ ತಗ್ಗಿಸಿ ಇಳಿಯಹೋದರೆ, ಹೆಂಗಸರು ನನ್ನನ್ನು ಇಳಿಯಗೊಡಲೇ ಇಲ್ಲ. ಅವರಿಗೆಲ್ಲ ಒಂದೊಂದು ಸಲ ಸುತ್ತಬೇಕಾಗಿತ್ತು. ಇಂಥ ಜೋಕಾಲಿ ಯಾವ ಊರಿನ ಪಂಚಮಿಯಲ್ಲಿದೆ? ದಂಡೆಯ ಮಡುವಿನಲ್ಲಿ ಹರಗೋಲನ್ನು ಬಿಟ್ಟು, ಸಂಜೆಯ ತನಕ ತಂಡತಂಡವಾಗಿ ಸುತ್ತಿಸಿದೆ. ಅತ್ತೆಯವರು ಮೊದಲ ಸಲ ಕಣ್ಣು ಮುಚ್ಚಿ ಕೂತಿದ್ದರು, ಎರಡನೆಯ ಸಲ ತಾವೇ ಮುಂದಾಗಿ ಬಂದರು. ಏರಿದವರು ಇಳಿಯುತ್ತಿದ್ದರು, ಹಿಡಿಕೆ ಹಿಡಿದ ನಾನೊಬ್ಬನೇ ಖಾಯಂ. ತಿಂದ ಹಬ್ಬದ ಉಂಡಿಗಳನ್ನೆಲ್ಲ ನಾನು ಘಟಪ್ರಭೆಗೇ ಅರ್ಪಿಸಿದೆ.

ಮೋಟಾರು ಇನ್ನು ಊರ ಸ್ವತ್ತೆಂದು ಮಾವನವರು ಸಾರಿದರು. 'ಲಿಲಾವಿನ ಅಳಿಯ' ಎಂಬ ಹೆಸರು ಖರೆಯೇ ಮುಳುಗಿತು. ಈಗ ನನ್ನನ್ನು 'ಗಿರಗಿಟ್ಲಿ ಅಳಿಯ' ಎನ್ನುತ್ತಾರೆ.

ಹಬ್ಬ ಮುಗಿಸಿ ಹೊರಟ ದಿನ ಹರಗೋಲಿನಲ್ಲಿ ನನ್ನ ಹಳೆಯ ಧೋತರ ಹೊದ್ದು ಏನೋ ಕೂತಿತ್ತು.

"ವೈನಿಯ ಹೊಲಿಗಿ ಮಶಿನ್ನು," ಎಂದಳು ಕುಮುದಿನಿ, ದಂಡೆಯ ಮೇಲೆ ನಿಂತ ಕೃಷ್ಣಾಜಿಯ ಹೆಂಡತಿಯತ್ತ ಕೈಮಾಡಿ. "ಮೋಟಾರಿನ ಬದಲಿ ಕೊಟ್ಟಳು."

ಇಷ್ಟು ವರ್ಷದ ಜಗಳ ಅಲ್ಲಿಗೆ ಹರಿಯಿತೆಂದು ನನಗೆ ಆನಂದವಾಯಿತು. ಧೋತರ ಸರಿಸಿ ಚಕ್ರಕ್ಕೆ ಕೈಹಚ್ಚಿದೆ. ಅದು ಅಲುಗಲಿಲ್ಲ. ಬಗ್ಗಿ ನೋಡಿದರೆ ಸೂಜಿಯ ಪಕ್ಕದಲ್ಲಿ ಕಣಜದ ಹುಳದ ಮಣ್ಣಿನ ಮನೆ.

"ವೈನಿ ಆ ಮನಿಗೆ ಬಂದಾಗಿಂದ ಅದು ಓಡಿಲ್ಲಂತ. ನೀವು, ಖಾದರಭಾಯಿ ಇದ್ದೀರಲ್ಲ. ದೀಪಾವಳಿಗೆ ನನಗ ಅದರ ಮ್ಯಾಲ ಹೊಲಿದ ಕುಪ್ಪಸ ಬೇಕು," ಎಂದಳು. ಅವಳ ತುಟಿಯಲ್ಲಿ ಹೊಳೆಯ ನಡುವೆ ಕಂಡಿದ್ದ ಆ ನಗು ಇನ್ನೂ ಸ್ವಲ್ಪ ಉಳಿದಿತ್ತು.

ಹುಲ್ಲಪ್ಪ ಹುಟ್ಟು ಹಾಕುವುದನ್ನು ನಿಲ್ಲಿಸಿ, ಮಶಿನ್ನನ್ನೂ ನನ್ನನ್ನೂ ಅಂಜುತ್ತಂಜುತ್ತ ನೋಡಿದ.

"ಮಾಸ್ತರ, ಇದನ್ನೂ ಹರಗೋಲಿಗೆ ಹಚ್ಚೂದೇನ್ರಿ?"