ಹತ್ತನೆಯ ಕಲಾಪ: ಉಗಿಬಂಡಿಯ ಸಿಳ್ಳೆ

ಎರಡು ಸಾವಿರದ ಇಪ್ಪತ್ತಮೂರನೆಯ ಇಸವಿ. ಆಗ ನನಗೆ ಐವತ್ತನಾಲ್ಕು ವರ್ಷ, ಮೂರು ತಿಂಗಳು. ಇಪ್ಪತ್ತೊಂಬತ್ತು ವರ್ಷ ಶಹಾಪುರದ ಪ್ರೌಢಶಾಲೆಯೊಂದರಲ್ಲಿ ಕನ್ನಡ ವ್ಯಾಕರಣ ಕಲಿಸಿ, ಸ್ವಯಂನಿವೃತ್ತಿ ಪಡೆದು, ಯಾದಗಿರಿಯ ಮನೆಯಲ್ಲಿ ಕುಳಿತಿದ್ದೆ. ನನ್ನ ಸೇವಾವಧಿಯಲ್ಲಿ ಒಂದೇ ಒಂದು ಸಮಾರಂಭವೂ ಕಾರ್ಯಕ್ರಮ ಪಟ್ಟಿಯನ್ನು ಮೀರಿ ನಡೆದಿರಲಿಲ್ಲ. ಪ್ರಾರ್ಥನೆಗೆ ಮೊದಲು ಸ್ವಾಗತ ಬಂದದ್ದಿಲ್ಲ. ವಂದನಾರ್ಪಣೆಗೆ ಮೊದಲು ಯಾರೂ ಎದ್ದು ಹೋದದ್ದಿಲ್ಲ. ಹೋಗಲು ನಾನು ಬಿಡುತ್ತಿರಲಿಲ್ಲ! ಇಂಥ ನನಗೆ ಒಂದು ಪುಟ್ಟ ಉಗಿಬಂಡಿ ಯಾವ ಲೆಕ್ಕ?

ಆ ಬಂಡಿ ಇದ್ದದ್ದು ನಮ್ಮ ಓಣಿಯ ಹಿಂದಿನ ಹಳೆಯ ಹತ್ತಿ ಮಿಲ್ಲಿನ ಅಂಗಳದಲ್ಲಿ. ಒಂದು ಕಾಲಕ್ಕೆ ಯಾವುದೋ ಗಣಿಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ತುಂಬಿದ ಡಬ್ಬಿಗಳನ್ನು ಎಳೆಯುತ್ತಿದ್ದ ಸಣ್ಣ ಎಂಜಿನ್ ಅದು. ಗಣಿ ಮುಚ್ಚಿದ ಮೇಲೆ ಮಿಲ್ಲಿನ ಹಿರಿಯರು ಕೊಂಡು ತಂದು, ಮುಂದೇನು ಮಾಡಬೇಕೆಂದು ತೋಚದೆ, ಬೇವಿನ ಮರದ ಕೆಳಗೆ ನಿಲ್ಲಿಸಿದ್ದರು. ಈಗಿನ ಮಾಲೀಕರಿಗೆ ಆ ಜಾಗ ಗೋದಾಮಿಗೆ ಬೇಕಾಗಿತ್ತು.

"ಮಾರ್ಚ್ ಮುಗಿಯೂದ್ರಾಗ ಒಯ್ಯಿರಿ. ಇಲ್ಲಂದ್ರ ಗುಜರಿಯವ್ರು ಗ್ಯಾಸ್ ಕಟರ್ ತಗೊಂಡು ಬರ್ತಾರ," ಎಂದುಬಿಟ್ಟರು.

ಈ ಮಾತು ಕೇಳಿ ಊಟ ಬಿಟ್ಟವರು ನಮ್ಮ ನೆರೆಮನೆಯ ಚಾಂದ್‌ಸಾಬ್ ಚಾಚಾ. ರೈಲ್ವೆಯಲ್ಲಿ ಫೈರ್‌ಮನ್ ಆಗಿ ಸೇರಿ, ಉಗಿ ಎಂಜಿನ್ನುಗಳಿಗೆ ಕಲ್ಲಿದ್ದಲು ಉಣಿಸಿ ತೋಳು ಸವೆಸಿದವರು. ನಿವೃತ್ತರಾದ ಮೇಲೂ ಪ್ರತಿ ಶುಕ್ರವಾರ ನಮಾಜು ಮುಗಿಸಿಕೊಂಡು ಬಂದು ಆ ಬಂಡಿಯ ಗಾಲಿಗಳಿಗೆ ಎಣ್ಣೆ ಸವರುತ್ತಿದ್ದರು. ಅವರ ದುಃಖ ನೋಡಲಾರದೆ ನಾನು ಅಂದೇ 'ಉಗಿಬಂಡಿ ಸಂರಕ್ಷಣಾ ಸಮಿತಿ'ಯನ್ನು ಸ್ಥಾಪಿಸಿದೆ. ಕಾರ್ಯದರ್ಶಿ ನಾನು. ಉಳಿದ ಸಮಿತಿಯೆಲ್ಲ ಚಾಚಾ.

ನಮ್ಮ ಮನವಿಗೆ ಓಗೊಟ್ಟ ಏಕೈಕ ಪುಣ್ಯಾತ್ಮರೆಂದರೆ ಶಹಾಪುರದ ಶರಣಪ್ಪ ಸಾಹುಕಾರರು. ಎರಡು ಬೇಳೆ ಮಿಲ್ಲುಗಳ ಒಡೆಯರು. ನಾಲ್ಕು ಪುಟಗಳ ನನ್ನ ಮನವಿಪತ್ರವನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ಚಹಾದ ಕಪ್ಪು-ಬಸಿ ಇಟ್ಟು, ಅವರು ಚಾಚಾನತ್ತ ತಿರುಗಿದರು.

"ನಂದು ಹುಟ್ಟಿದ್ದು ಸೈದಾಪುರ. ರೈಲ್ ಪಟ್ರಿ ಬಾಜೂಕ ಮನಿ. ಮನ್ಯಾಗ ಗಡಿಯಾರ ಇರಲಿಲ್ರಿ. ಮುಂಜಾನಿ ಗಾಡಿ ಸಿಳ್ಳಿ ಹೊಡೀತಂದ್ರ ಅವ್ವ ಒಲಿ ಹಚ್ಚತಿದ್ಲು. ಆ ಸಿಳ್ಳಿ ಕೇಳಿ ಎಷ್ಟು ವರ್ಷ ಆತೋ! ನಿಮ್ಮ ಇಂಜಿನ್ ಸಿಳ್ಳಿ ಹೊಡೀತದೇನು?"

"ಹೊಡೀತದ್ರಿ ಸಾಹುಕಾರ್ರ. ಭಾಪ್ ಕೊಟ್ರ ಯಾಕ ಹೊಡ್ಯಂಗಿಲ್ಲ?" ಎಂದರು ಚಾಚಾ. ಉಗಿಗೆ ಅವರು ಭಾಪ್ ಎನ್ನುತ್ತಿದ್ದರು.

"ಹಂಗಾದ್ರ ನನಗ ಕೇಳಸ್ರಿ. ಇಂಜಿನ್ ನಾ ಕೊಳ್ತೀನಿ, ಶೆಡ್ಡೂ ಕಟ್ಟಸ್ತೀನಿ. ಆದ್ರ ತುಕ್ಕು ತಿಂದ ಕಬ್ಬಣಕ್ಕ ಹಾರ ಹಾಕಾಕ ಮಾತ್ರ ನನ್ನ ಕರೀಬ್ಯಾಡ್ರಿ."

ಸಿಳ್ಳೆಯಾದರೆ ಬಂಡಿ ಉಳಿಯಿತು, ಇಲ್ಲದಿದ್ದರೆ ಗುಜರಿ. ವಿಷಯ ಇಷ್ಟೇ. ಇಷ್ಟು ಸರಳವಾದ ವಿಷಯವನ್ನು ಹನ್ನೊಂದು ಕಲಾಪಗಳ ಸಮಾರಂಭವನ್ನಾಗಿ ಮಾಡಿದ ಕೀರ್ತಿ ಸಂಪೂರ್ಣವಾಗಿ ನನ್ನದು.

ಬಾಯ್ಲರ್ ಬಲ್ಲ ಪರೀಕ್ಷಕರೊಬ್ಬರು ಕಲಬುರಗಿಯಿಂದ ಬಂದು, ಎರಡು ದಿನ ತಟ್ಟಿ ಬಡಿದು ನೋಡಿ, "ಓಡಿಸುವಂತಿಲ್ಲ. ನಿಂತಲ್ಲೇ ಕಡಿಮೆ ಒತ್ತಡದಲ್ಲಿ ಸಿಳ್ಳೆ ಊದಬಹುದು," ಎಂದು ಒಪ್ಪಿಗೆ ಕೊಟ್ಟರು. ಇನ್ನು ಉಗಿ ಬರಲು ಎಷ್ಟು ಹೊತ್ತು ಬೇಕು? ನಾನು ಶಾಸ್ತ್ರೋಕ್ತವಾಗಿ ಹೊರಟೆ. ಹೆಂಡತಿ ಮಹಾದೇವಿಯ ಕುಕ್ಕರಿನಲ್ಲಿ ಎರಡು ತಂಬಿಗೆ ನೀರಿಟ್ಟು, ಕೈಗಡಿಯಾರ ಹಿಡಿದು, ಅದು ಕೂಗುವ ಸಮಯವನ್ನು ಬರೆದುಕೊಂಡು, ತ್ರೈರಾಶಿ ಲೆಕ್ಕ ಹಾಕಿದೆ. ಉತ್ತರ ನಲವತ್ತೊಂದು ತಾಸು!

"ಮಾಸ್ತರ್ ಸಾಬ್, ಅಷ್ಟೊತ್ತು ಬೆಂಕಿ ಹಾಕಿದ್ರ ಇಂಜಿನ್ ಅಲ್ಲ, ನಾವಿಬ್ರೂ ಕುದ್ದು ಹೋಗ್ತೀವಿ," ಎಂದರು ಚಾಚಾ. "ನಾಕ್ ತಾಸು ಸಾಕ್ರಿ."

"ಬರೇ ನೀರು ಕುದಿಸಿ ನನ್ನ ಕುಕ್ಕರ್ ತಳ ಸುಟ್ರಿ. ಬ್ಯಾಳಿ ಹಾಕಿದ್ರ ಸಾರಾದ್ರೂ ಆಗ್ತಿತ್ತು," ಎಂದಳು ಮಹಾದೇವಿ.

ಸಿಳ್ಳೆಯನ್ನು ಸರಿಯಾಗಿ ಹನ್ನೊಂದು ಗಂಟೆಗೆ, ಹತ್ತನೆಯ ಕಲಾಪವೆಂದು ನಿಗದಿಪಡಿಸಿದೆ. ವೇದಿಕೆ ಮಿಲ್ಲಿನ ಅಂಗಳದ ಇನ್ನೊಂದು ತುದಿಯಲ್ಲಿ. ಅಷ್ಟು ದೂರದಿಂದ ಚಾಚಾನಿಗೆ ತಿಳಿಯುವುದು ಹೇಗೆ? ಅವರ ಟ್ರಂಕಿನಲ್ಲಿದ್ದ ಎರಡು ಹಳೆಯ ಬಾವುಟಗಳನ್ನು ನಾನೇ ಕೇಳಿ ಪಡೆದೆ. ವೇದಿಕೆಯಿಂದ ಹಸಿರು ತೋರಿಸಿದರೆ ಸಿಳ್ಳೆ. ಕೆಂಪು ತೋರಿಸಿದರೆ ತಡೆ.

"ಕೆಂಪು ಕಂಡ ಮ್ಯಾಲೆ ನನ್ನ ಕೈ ಆಡಂಗಿಲ್ರಿ," ಎಂದು ಚಾಚಾ ಮೊದಲೇ ಹೇಳಿದರು. "ಇಡೀ ನೌಕ್ರಿ ಹಂಗ ಮಾಡೀನಿ."

"ಶಿಸ್ತು ಅಂದ್ರ ಹಿಂಗಿರಬೇಕು!" ಎಂದು ನಾನು ಅವರ ಬೆನ್ನು ತಟ್ಟಿದೆ. ಈ ತಟ್ಟುವಿಕೆಯನ್ನು ಓದುಗರು ನೆನಪಿನಲ್ಲಿಡಬೇಕು.

ಮಾರ್ಚ್ ಹನ್ನೆರಡರ ರವಿವಾರ ಬಂತು. ಮುದನಾಳದಿಂದ ತರಿಸಿದ ತೊಗರಿ ಕಟ್ಟಿಗೆ, ಜಾಲಿ ಕೊರಡು ಸೇರಿಸಿ ಚಾಚಾ ಏಳು ಗಂಟೆಗೆ ಬೆಂಕಿ ಹಾಕಿದರು. ಗಾಲಿಗಳ ಕೆಳಗೆ ನಿಂಬೆಹಣ್ಣು, ಚಿಮಣಿಗೆ ಚೆಂಡುಹೂವಿನ ಹಾರ. ಸಾಹುಕಾರರು ಒಂಬತ್ತೂವರೆಗೆ ಬಂದವರೇ ಎಂಜಿನ್ನಿನ ಕಡೆ ಹೊರಟರು. ನಾನು ಕೈ ಹಿಡಿದು ವೇದಿಕೆಗೆ ಕರೆತಂದೆ.

"ಸರ, ನನಗ ಸಕ್ಕರಿ ಬ್ಯಾನಿ. ಭಾಳ ಹೊತ್ತು ಕೂಡಾಕ ಆಗಂಗಿಲ್ರಿ."

"ಕಲಾಪಗಳೆಲ್ಲ ಚಿಕ್ಕವೇ ಇವೆ," ಎಂದೆ. ಸುಳ್ಳು.

ಪ್ರಾರ್ಥನೆಗೆಂದು ಸುರಪುರದಿಂದ ಬಂದಿದ್ದ ನನ್ನ ಷಡ್ಡಕರು ಏಳು ನುಡಿಗಳ ಹಾಡನ್ನು ಆರಿಸಿಕೊಂಡಿದ್ದರು. ಪ್ರತಿ ನುಡಿಯನ್ನೂ ಎರಡೆರಡು ಸಲ ಹಾಡುವುದು ಅವರ ಪದ್ಧತಿ. ಆಮೇಲೆ ಸ್ವಾಗತ, ದೀಪ ಬೆಳಗುವಿಕೆ. ಗಾಳಿಗೆ ದೀಪ ಮೂರು ಸಲ ಆರಿತು, ನಾಲ್ಕು ಸಲ ಬೆಳಗಿದೆವು. ನಾನು ಪ್ರಾಸ್ತಾವಿಕ ನುಡಿಗೆ ಎದ್ದಾಗ ಹತ್ತೂಕಾಲು. ತೊಗರಿ ಕಟ್ಟಿಗೆಯ ಬೆಂಕಿ ನಾವೆಣಿಸಿದ್ದಕ್ಕಿಂತ ಚುರುಕು. ಬೇವಿನ ಮರದ ಕೆಳಗಿನಿಂದ ಚಾಚಾ ಕೂಗಿದರು:

"ಮಾಸ್ತರ್ ಸಾಬ್! ಭಾಪ್ ಬಂದಾದ್ರಿ! ಹಸಿರು ತೋರಸ್ರಿ!"

ನಾನಿನ್ನೂ ನಾಲ್ಕನೆಯ ಕಲಾಪದಲ್ಲಿದ್ದೆ. ಹತ್ತನೆಯದು ನಾಲ್ಕನೆಯದಕ್ಕಿಂತ ಮೊದಲು ಬರುವುದೆಂದರೇನು? ಗಂಭೀರವಾಗಿ ಕೆಂಪು ಬಾವುಟ ಎತ್ತಿದೆ. ಚಾಚಾ ಕೈಕಟ್ಟಿ ಕುಳಿತುಬಿಟ್ಟರು. ಒಂದು ಕೈಯಲ್ಲಿ ಬಾವುಟ ಹಿಡಿದು ಭಾಷಣದ ಹಾಳೆ ತಿರುವುವುದು ಕಷ್ಟವಾಯಿತು. ಆದಕಾರಣ ಬಾವುಟವನ್ನು ಮೈಕಿನ ಕಂಬಕ್ಕೆ ಬಿಗಿದು, ಎರಡೂ ಕೈಗಳಿಂದ ಭಾಷಣ ಮುಂದುವರಿಸಿದೆ. ಉಗಿಯ ಉಗಮ, ಉಗಿಯ ವಿಕಾಸ, ಉಗಿ ಮತ್ತು ಸಮಾಜ.

ಮೂರನೆಯ ಹಾಳೆಯಲ್ಲಿದ್ದಾಗ ಎಂಜಿನ್ನಿನ ನೆತ್ತಿ ಸಿಡಿದಂತೆ 'ಭುಸ್ಸ್ಸ್' ಎಂದು ಸದ್ದಾಯಿತು! ಬಿಳಿ ಉಗಿ ಬೇವಿನ ಮರದೆತ್ತರಕ್ಕೆ ಚಿಮ್ಮಿತು. ಕಾಗೆಗಳು ಹಾರಿದವು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

"ಕುಳಿತುಕೊಳ್ಳಿ! ಇದು ಸಿಳ್ಳೆಯಲ್ಲ! ಸಿಳ್ಳೆ ಹತ್ತನೆಯ ಕಲಾಪ!" ಎಂದು ಮೈಕಿನಲ್ಲಿ ಗದರಿಸಿದೆ.

"ಸೇಫ್ಟಿ ವಾಲ್ವ್ ರೀ!" ಚಾಚಾ ಅಲ್ಲಿಂದಲೇ ಅರಚಿದರು. "ಒಳಗ ಜಾಸ್ತಿ ಆತಂದ್ರ ತಾನ ಬಿಚ್ಚಿ ಹೊರಗ ಬಿಡ್ತದ! ನೀರು ಇಳ್ಯಾಕತ್ತಾದ! ಲಗೂ ಕೆಂಪು ತಗೀರಿ!"

ಆ ಭೋರ್ಗರೆತದಲ್ಲಿ ನನಗೆ ಕೇಳಿಸಿದ್ದು 'ಸೇಫ್ಟಿ' ಮಾತ್ರ. ಸುರಕ್ಷಿತವಾಗಿದೆ ಎಂದು ಸಮಾಧಾನಗೊಂಡು ನಾಲ್ಕನೆಯ ಹಾಳೆಗೆ ಹೊರಳಿದೆ. ಅತ್ತ ಬಾಯ್ಲರಿನ ನೀರಿನ ಮಟ್ಟ ತೋರಿಸುವ ಗಾಜಿನ ನಳಿಗೆಯಲ್ಲಿ ನೀರು ಗುರುತಿಗಿಂತ ಕೆಳಗಿಳಿಯಿತೆಂದು ಚಾಚಾ ಬೆಂಕಿಯನ್ನೆಲ್ಲ ಹೊರಗೆಳೆದು ಮಣ್ಣು ಮುಚ್ಚುತ್ತಿದ್ದರು.

ಐದರಿಂದ ಒಂಬತ್ತರವರೆಗಿನ ಕಲಾಪಗಳನ್ನು ಅವಸರದಲ್ಲಿ ಮುಗಿಸಿ, ಹನ್ನೊಂದಕ್ಕೆ ಸರಿಯಾಗಿ ನಾನು ಹಸಿರು ಬಾವುಟ ಬೀಸಿದೆ. ಸದ್ದಿಲ್ಲ. ಮತ್ತೆ ಬೀಸಿದೆ.

"ಚಾಚಾ! ಹಸಿರು ಕಾಣವಲ್ದೇನು?"

"ಹಸಿರೂ ಕಾಣ್ತದ, ಕೆಂಪೂ ಕಾಣ್ತದ್ರಿ! ಎರಡೂ ಕಂಡ್ರ ಕೆಂಪಿಗೇ ಮರ್ಯಾದಿ!"

ಮೈಕಿನ ಕಂಬದಲ್ಲಿ ಕೆಂಪು ಬಾವುಟ ಹಾಯಾಗಿ ಹಾರಾಡುತ್ತಿತ್ತು. ನಾನು ಕಿತ್ತೆಸೆದೆ. ಚಾಚಾ ಸರಪಳಿ ಎಳೆದರು.

ಪುಸ್.

ಉಂಡೆದ್ದ ಮುದುಕರ ತೇಗಿನಷ್ಟೂ ಅದು ಗಟ್ಟಿಯಾಗಿರಲಿಲ್ಲ. ಸಾಹುಕಾರರು ತಮಗೆ ಹೊದಿಸಿದ್ದ ಶಾಲನ್ನು ಮಡಚಿ ಕುರ್ಚಿಯ ಮೇಲಿಟ್ಟು, "ಬರ್ತೀನ್ರಿ ಸರ," ಎಂದು ಹೊರಟೇಹೋದರು. ವಂದನಾರ್ಪಣೆಗೆ ಮೊದಲೇ! ಚಾಚಾ ಚಿಮಣಿಯ ಹಾರವನ್ನು ಬಿಚ್ಚುತ್ತಿದ್ದರು. ಅದನ್ನು ನೋಡಲು ನನ್ನಿಂದ ಆಗಲಿಲ್ಲ.

ಮರುದಿನ ಮೂರು ಪುಟಗಳ ಕ್ಷಮಾಪಣಾ ಪತ್ರ ಸಿದ್ಧಪಡಿಸಿದೆ. ಮಹಾದೇವಿ ಅದನ್ನು ಕೈಗೆ ತೆಗೆದುಕೊಂಡು, ಓದದೆ, ದಾರಿಗೆಂದು ಕಟ್ಟುತ್ತಿದ್ದ ರೊಟ್ಟಿಗೆ ಸುತ್ತಿದಳು.

"ಬರೇ ತಪ್ಪಾತ್ರಿ ಅನ್ರಿ. ಅದರ ಮ್ಯಾಲೆ ಒಂದು ಮಾತು ಆಡಿದ್ರ ನನ್ನಾಣಿ."

ದೋರನಹಳ್ಳಿ ದಾಟುವವರೆಗೂ ಶಹಾಪುರದ ಬಸ್ಸಿನಲ್ಲಿ ಆ ಒಂದು ಪದವನ್ನೇ ಅಭ್ಯಾಸ ಮಾಡಿದೆ. ಸಾಹುಕಾರರ ಮುಂದೆ ನಿಂತು, "ತಪ್ಪಾಯಿತು," ಎಂದೆ. ಬಾಯಿ ಮುಚ್ಚಿದೆ. ಬಹಳ ನೋವಾಯಿತು.

"ಇಷ್ಟ ಸಣ್ಣ ಮಾತೂ ಬರ್ತಾವೇನ್ರಿ ನಿಮಗ? ನಿನ್ನಿ ಇಡೀ ದಿನ ಒಂದೂ ಕೇಳಲಿಲ್ಲ!" ಎಂದು ಸಾಹುಕಾರರು ನಕ್ಕರು. "ಬರೋ ರವಿವಾರ ಬರ್ತೀನಿ. ಮೈಕ್ ಬ್ಯಾಡ, ಕುರ್ಚಿ ಬ್ಯಾಡ, ಶಾಲು ಬ್ಯಾಡ. ಬಾವುಟ ಎರಡೂ ಚಾಂದ್‌ಸಾಬ್ರ ಕೈಯಾಗ ಇರ್ಲಿ. ನೀವು ನೀರು ಹೊರ್ರಿ."

ಮುಂದಿನ ರವಿವಾರ ನಾನು ಇಪ್ಪತ್ತಾರು ಕೊಡ ನೀರು ಹೊತ್ತೆ. ಸಾಹುಕಾರರು ಬೇವಿನ ಬೇರಿನ ಮೇಲೆ ಕುಳಿತು ಬೆಂಕಿ ನೋಡುತ್ತಿದ್ದರು. ಎಷ್ಟು ಗಂಟೆಗೆಂದು ಯಾರೂ ಕೇಳಲಿಲ್ಲ. ಉಗಿ ಬಂದಾಗ ಚಾಚಾ ತಾವೇ ಹಸಿರು ಬಾವುಟ ತೋರಿಸಿ, ತಾವೇ ಸರಪಳಿ ಎಳೆದರು.

ಸಿಳ್ಳೆ ಇಡೀ ಓಣಿಯನ್ನು ಸೀಳಿಕೊಂಡು ಹೋಯಿತು. ಮಾಳಿಗೆಗಳ ಮೇಲೆ ಜನ ಬಂದರು. ಸಾಹುಕಾರರು ಕಣ್ಣು ಮುಚ್ಚಿ ನಿಂತಿದ್ದರು. ಸದ್ದು ಅಡಗಿದ ಮೇಲೆ ಮೆಲ್ಲಗೆ ಅಂದರು: "ಅವ್ವ ಒಲಿ ಹಚ್ಚಿದ್ಲು ನೋಡ್ರಿ."

ಚಾಚಾ ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡರು. ಹೊಗೆಯೆಂದು ಹೇಳಿದರು.

ಅಲ್ಲೇ ಎಂಜಿನ್ನಿನ ಮೆಟ್ಟಿಲ ಮೇಲೆ ಕಾಗದವಿಟ್ಟು ಬರೆದದ್ದಾಯಿತು. ಎಂಜಿನ್ ಸಾಹುಕಾರರು ಕೊಳ್ಳುವುದು. ಊರ ಹೊರಗಿನ ತಮ್ಮ ಜಾಗದಲ್ಲಿ ಶೆಡ್ ಮತ್ತು ಗಜಗಟ್ಟಲೆ ಹಳಿ ಹಾಕಿಸುವುದು. ಬಾಯ್ಲರ್ ದುರಸ್ತಿ ಮಾಡಿಸಿ, ಪರೀಕ್ಷಕರು ಒಪ್ಪಿದರೆ ಒಂದು ದಿನ ಓಡಿಸುವುದು. ಪ್ರತಿ ರವಿವಾರ ಸಿಳ್ಳೆ. ಮೇಲ್ವಿಚಾರಣೆ: ಚಾಂದ್‌ಸಾಬ್. ನೀರು: ಕಾರ್ಯದರ್ಶಿ.

ಚಹಾ ತಂದಿದ್ದ ಮಹಾದೇವಿ ಎಂಜಿನ್ನಿನ ನೆತ್ತಿಯತ್ತ ಕೈ ತೋರಿಸಿದಳು. "ಚಾಚಾ, ಒಳಗ ಜಾಸ್ತಿ ಆದ್ರ ಬಿಚ್ಚಿ ಬಿಡೋ ಆ ವಾಲ್ವ್ ಅದ ಅಲ್ರಿ, ಅಂಥಾದ್ದೊಂದು ನಮ್ಮ ಮನಿಯವ್ರಿಗೂ ಕೂಡಿಸಿ ಕೊಡ್ರಿ."

"ಇವ್ರ ಪ್ರೆಶರ್ ತಡ್ಯೋ ವಾಲ್ವ್ ಇನ್ನೂ ಯಾರೂ ಮಾಡಿಲ್ಲ ಬೇಟಿ!"

ಸಾಹುಕಾರರು ಹೊಟ್ಟೆ ಹಿಡಿದು ನಕ್ಕರು. ಈ ಶುಭ ಸಂದರ್ಭದಲ್ಲಿ ಎರಡು ಮಾತು ಆಡಲೇಬೇಕೆಂದು ನಾನು ಗಂಟಲು ಸರಿಪಡಿಸಿಕೊಂಡು ಎದ್ದು ನಿಂತೆ. ಚಾಚಾ ಕೆಂಪು ಬಾವುಟ ಎತ್ತಿ ಹಿಡಿದರು.

ಕುಳಿತುಕೊಂಡೆ. ಅಂದು ಎರಡು ಸಾವಿರದ ಇಪ್ಪತ್ತಮೂರನೆಯ ಇಸವಿ, ಮಾರ್ಚ್ ತಿಂಗಳ ಹತ್ತೊಂಬತ್ತನೆಯ ತಾರೀಖು, ರವಿವಾರ.