ಬೀದಿಗೆ ಬಿದ್ದ ಮೇಜು

ಇನ್ನು ಹತ್ತು ದಿನ ಆ ಕಾದಂಬರಿಯ ಮುಖವನ್ನೇ ನೋಡುವುದಿಲ್ಲ, ಹನ್ನೊಂದನೇ ದಿನ ಕೂತು ಒಂದೇ ಉಸಿರಿಗೆ ಮುಗಿಸುತ್ತೇನೆ ಎಂದು ಡೆಸ್ಮಂಡ್ ಪೋಕಾಕ್ ಘೋಷಿಸಿದಾಗ, ಹೆಂಡತಿ ನೋರೀನ್ ಟೋಸ್ಟಿಗೆ ವೆಜಿಮೈಟ್ ಸವರುವುದನ್ನು ನಿಲ್ಲಿಸಲಿಲ್ಲ. ಇಂಥ ಘೋಷಣೆ ಅವಳು ತಿಂಗಳಿಗೆರಡು ಕೇಳುತ್ತಿದ್ದಳು.

ಹನ್ನೊಂದು ತಿಂಗಳಿಂದ ಕಾದಂಬರಿ ಇನ್ನೂರ ಹನ್ನೆರಡನೇ ಪುಟದಲ್ಲೇ ಕಾಲು ಚಾಚಿ ಮಲಗಿತ್ತು. ಪೂರ್ತಿ ಕೈಬರಹ, ಇದ್ದದ್ದು ಒಂದೇ ಪ್ರತಿ. ಇನ್ನೊಂದು ಪ್ರತಿ ಮಾಡಿಡು ಎಂದು ನೋರೀನ್ ಹೇಳಿದಾಗಲೆಲ್ಲ, ಮಹಾಕೃತಿಗೆ ಜೋಡಿ ಇರುವುದಿಲ್ಲ ಎಂದು ಬೀಗುತ್ತಿದ್ದ. ಈಗ ಕಟ್ಟನ್ನು ಅವಳ ಕೈಗಿತ್ತು, ಎಲ್ಲಾದರೂ ಬಚ್ಚಿಡು, ನಾನು ಅತ್ತರೂ ಕೊಡಬೇಡ ಎಂದು ಅಪ್ಪಣೆ ಮಾಡಿದ.

ವಾರ ಕಳೆದರೂ ತಲೆಗೆ ಏನೂ ಹೊಳೆಯಲಿಲ್ಲ. ನಮ್ಮ ಬಲರಾಟ್ ಊರಿನಲ್ಲಿ ಅದು ಬೇಡದ ಸಾಮಾನು ಹೊರಗಿಡುವ ವಾರ. ಸೋಫಾ, ಹಾಸಿಗೆ, ಕೆಟ್ಟ ಫ್ರಿಜ್ಜು, ಎಲ್ಲವೂ ಮನೆಮುಂದಿನ ಹುಲ್ಲಿಗೆ ಬರುತ್ತವೆ. ಸೋಮವಾರ ಪುರಸಭೆಯ ಲಾರಿ ಬರುವ ತನಕ ಬೇಕಾದವರು ಬೇಕಾದ್ದನ್ನು ಎತ್ತಿಕೊಳ್ಳಬಹುದು, ಯಾರೂ ಕೇಳುವುದಿಲ್ಲ. ಅದನ್ನು ನೋಡುತ್ತಲೇ ಡೆಸ್ಮಂಡನಿಗೆ ಜ್ಞಾನೋದಯವಾಯಿತು. ತಪ್ಪು ತನ್ನದಲ್ಲ, ತನ್ನ ಕುಂಟು ಮೇಜಿನದು! ನೋರೀನ್ ತನ್ನ ಅಕ್ಕನ ಮನೆಗೆ ಹೋಗಿದ್ದ ಶನಿವಾರ ಆ ಪೀಡೆಯನ್ನು ದರದರ ಎಳೆದು ಹೊರಗಿಟ್ಟು ಕೈ ಕೊಡವಿಕೊಂಡ.

ಸೋಮವಾರ ಬೆಳಿಗ್ಗೆ ಮರಳಿದ ನೋರೀನ್ ಬರೆಯುವ ಕೋಣೆಯ ಬಾಗಿಲಲ್ಲಿ ಬ್ಯಾಗು ಹಿಡಿದೇ ನಿಂತಳು.

"ಡೆಸ್, ಮೇಜೆಲ್ಲಿ?"

"ಬೀದಿಗೆ ಹಾಕ್ದೆ. ಯಾಕೆ?"

"ಕೆಳಗಿನ ಡ್ರಾಯರಲ್ಲಿ ನಿನ್ನ ಕಾದಂಬರಿ ಇತ್ತು."

"ಅಲ್ಯಾಕೆ ಇಟ್ಟೆ ಮಾರಾಯ್ತಿ?"

"ನೀನು ತಪ್ಪಿಯೂ ಕೂರದ ಜಾಗ ಈ ಮನೇಲಿ ಅದೊಂದೇ."

ಡೆಸ್ಮಂಡ್ ಓಡಿದ. ಹುಲ್ಲಿನ ಮೇಲೆ ಮೇಜಿರಲಿಲ್ಲ. ನಾಲ್ಕು ಮನೆ ಆಚೆ ಲಾರಿ ಯಾರದೋ ಬೀರುವನ್ನು ಲಟಲಟ ಅಗಿಯುತ್ತಿತ್ತು. ಒಂದೇ ಕಾಲಿನ ಚಪ್ಪಲಿಯಲ್ಲಿ ಹೋಗಿ ಅದಕ್ಕೆ ಅಡ್ಡ ನಿಂತ. ಬೆಳಿಗ್ಗೆಯಿಂದ ಮೂರು ಮೇಜು ಒಳಗೆ ಹೋಗಿವೆ, ಕುಂಟೋ ನೆಟ್ಟಗಿನದೋ ಯಾರು ನೋಡುತ್ತಾರೆ ಎಂದ ಲಾರಿಯವನು. ಡೆಸ್ಮಂಡನಿಗೆ ವರ್ಷವಿಡೀ ಶಪಿಸಿದ ಪುಟಗಳ ಮೇಲೆ ಒಮ್ಮೆಗೇ ಪ್ರೀತಿ ಉಕ್ಕಿ ಬಂತು. ಆರು ವರ್ಷದ ದುಡಿಮೆ! ರಸ್ತೆಯಂಚಿನಲ್ಲೇ ಕುಸಿದು ಕೂತು ಅತ್ತುಬಿಟ್ಟ.

ಅಷ್ಟರಲ್ಲಿ, ನೆರೆಮನೆಗಳಲ್ಲಿ ವಿಚಾರಿಸಲು ಹೋಗಿದ್ದ ನೋರೀನ್ ಕೂಗಿ ಕರೆದಳು. ಎದುರು ಮನೆಯಲ್ಲಿರುವ ನಿವೃತ್ತ ಶಿಕ್ಷಕಿ ಥೆಲ್ಮಾ ಗ್ಯಾಡ್ಸ್‌ಬಿಯ ಹಿತ್ತಿಲಲ್ಲಿ, ಟೊಮೇಟೊ ಸಸಿಗಳನ್ನು ಹೊತ್ತು ಅದೇ ಮೇಜು ನಿಂತಿತ್ತು. ಥೆಲ್ಮಾ ಒಳಗೆ ಹೋಗಿ ಕಟ್ಟನ್ನು ತಂದಳು. ಒಂದು ಹಾಳೆಯೂ ಮಾಸಿರಲಿಲ್ಲ. ಡೆಸ್ಮಂಡ್ ಅದನ್ನು ಎದೆಗವಚಿಕೊಂಡ.

"ಪ್ರಾಣ ಉಳಿಸಿದ್ರಿ ಥೆಲ್ಮಾ. ಆದ್ರೆ ಎದುರು ಮನೇನೇ ಅಲ್ವಾ, ನಿನ್ನೆನೇ ಕೊಡಬಹುದಿತ್ತಲ್ಲ?"

"ಕೊಡೋಣ ಅಂತಾನೇ ಹೊರಟಿದ್ದೆ ಕಣಪ್ಪ," ಎಂದಳು ಥೆಲ್ಮಾ. "ಯಾವುದಕ್ಕೂ ಒಂದ್ಸಲ ಓದೋಣ ಅಂತ ಕೂತೆ. ಪೂರ್ತಿ ಓದಿದ ಮೇಲೆ, ಗೊತ್ತಿದ್ದೇ ಬಿಸಾಡಿದ್ದೀಯ ಅನ್ನಿಸ್ತು."